ಸೀಟಿನ ಬಣ್ಣದ ಬಾಟಲಿಯ ಬೆನ್ನಿಗೆ ಚಿಕ್ಕ ಅಕ್ಷರ ಬರೆದವರಿಗೆ

ಮಾನ್ಯರೇ,

ತಮ್ಮ ಹೆಸರು ನನಗೆ ತಿಳಿಯದು. ತಮ್ಮ ಕಂಪನಿಯ ವಿಳಾಸವೂ ತಿಳಿಯದು, ಏಕೆಂದರೆ ಅದು ಬಾಟಲಿಯ ಯಾವ ಮೂಲೆಯಲ್ಲಿ ಅಚ್ಚಾಗಿತ್ತೋ ಆ ಮೂಲೆಯ ಮೇಲೆ ಈಗ ನನ್ನ ಹೆಬ್ಬೆರಳಿನ ಗುರುತು ತಮ್ಮದೇ ಬಣ್ಣದಲ್ಲಿ ಶಾಶ್ವತವಾಗಿ ನೆಲೆಸಿದೆ. ಹಾಗಾಗಿ ಮನೆಯಲ್ಲೇ ಕಾರಿನ ಸೀಟಿಗೆ ಬಳಿದುಕೊಳ್ಳುವ ಆ ಬಣ್ಣದ ಬಾಟಲಿಯ ಹಿಂಬದಿಯಲ್ಲಿ ಸೂಚನೆಗಳನ್ನು ಬರೆದ ಮಹನೀಯರು ಯಾರೇ ಆಗಿರಲಿ, ಅವರ ಸನ್ನಿಧಿಗೆ ಈ ಪತ್ರವನ್ನು ಬಹಿರಂಗವಾಗಿ ಸಲ್ಲಿಸುತ್ತಿದ್ದೇನೆ. ಒಂದು ಪ್ರತಿಯನ್ನು ಬಾಟಲಿ ಮಾರಿದ ಅಂಗಡಿಯ ಬಾಗಿಲಿಗೆ, ಅಂಗಡಿಯವರನ್ನು ಕೇಳದೆ, ಅಂಟಿಸುವವನಿದ್ದೇನೆ. ತಾವು ಕುಟುಂಬಸಮೇತ ಕ್ಷೇಮವಾಗಿದ್ದೀರೆಂದೂ, ಇದನ್ನು ಓದುವಾಗ ತಾವು ಕುಳಿತಿರುವ ಕುರ್ಚಿ ಪೂರ್ತಿ ಒಣಗಿದೆಯೆಂದೂ ನಂಬುತ್ತೇನೆ.

ನಾನು ಬೋರ್ಡ್ ಬರೆಯುವವನು. ಮೂವತ್ತಾರು ವರ್ಷಗಳಿಂದ ಅಂಗಡಿಯವರ ಹೆಸರುಗಳನ್ನು ಅವರವರ ಯೋಗ್ಯತೆಗಿಂತ ಒಂದು ಗೇಣು ದೊಡ್ಡದಾಗಿ ಬರೆದುಕೊಟ್ಟು ಸಂಸಾರ ನಡೆಸಿದ್ದೇನೆ. ಈ ಕಸುಬು ನನಗೆ ಕಲಿಸಿದ್ದು ಇಷ್ಟೇ: ಹೇಳಲೇಬೇಕಾದದ್ದನ್ನು ಜನ ದೊಡ್ಡದಾಗಿ ಬರೆಸುತ್ತಾರೆ, ಹೇಳಿದರೂ ಬಿಟ್ಟರೂ ನಡೆಯುವುದನ್ನು ಅದರ ಕೆಳಗೆ ಚಿಕ್ಕದಾಗಿ ಬರೆಸುತ್ತಾರೆ, ಮತ್ತು ಆ ಚಿಕ್ಕದನ್ನು ಬರೆಯುವಾಗ ಬೋರ್ಡಿನಲ್ಲಿ ಜಾಗ ಸಾಲದಿದ್ದರೆ ಎರಡು ಪದ ನುಂಗಿದರೂ ಯಾರಿಗೂ ಗೊತ್ತಾಗುವುದಿಲ್ಲ. ಬಣ್ಣದ ಅಂಗಡಿಯ ಕಪಾಟಿನಲ್ಲಿ ತಮ್ಮ ಬಾಟಲಿಯನ್ನು ಕಂಡಾಗ ಅದರ ಎದೆಯ ಮೇಲೆ 'ಒಂದೇ ಗಂಟೆಯಲ್ಲಿ ಹೊಸ ಸೀಟು' ಎಂದು ಬರೆದಿತ್ತು. ಅಕ್ಷರಗಳೋ, ಕಣ್ಣಿಗೊತ್ತಿಕೊಳ್ಳುವಂತಿದ್ದವು. ಒತ್ತುಗಳು ತಮ್ಮ ತಮ್ಮ ಜಾಗದಲ್ಲಿ ಅಚ್ಚುಕಟ್ಟಾಗಿ ಕುಳಿತಿದ್ದವು, ಸಾಲು ಒಂದು ಕೂದಲಿನಷ್ಟೂ ಓರೆಯಾಗಿರಲಿಲ್ಲ. ಇಷ್ಟು ಚೆಂದದ ಅಕ್ಷರ ಬರೆಯುವವರು ಸುಳ್ಳು ಹೇಳಲಾರರು ಎಂದುಕೊಂಡೆ. ಜೀವಮಾನವಿಡೀ ಚೆಂದದ ಅಕ್ಷರ ಬರೆದವನಾದ ನನಗಾದರೂ ಈ ಎಣಿಕೆ ತಪ್ಪೆಂದು ಹೊಳೆಯಬೇಕಿತ್ತು.

ಹಿಂಬದಿಯಲ್ಲಿ ಇರುವೆಗಳು ಸಾಲುಗಟ್ಟಿದಂತೆ ಏನೋ ಇದ್ದದ್ದು ನಿಜ. ಅದನ್ನು ನಾನು ಓದಲಿಲ್ಲ. ತಮ್ಮ ವಕೀಲರು ಈ ಸಾಲಿನ ಕೆಳಗೆ ಗೀಟು ಹಾಕಿಕೊಳ್ಳುವ ಮುನ್ನ ದಯವಿಟ್ಟು ಕೇಳಿಸಿಕೊಳ್ಳಬೇಕು: ನಮ್ಮ ಮನೆಯಲ್ಲಿ ಚಿಕ್ಕ ಅಕ್ಷರ ಓದುವ ಖಾತೆ ನನ್ನದಲ್ಲ, ನನ್ನ ಹೆಂಡತಿಯದು. ಮಾತ್ರೆಯ ಚೀಟಿ, ಕುಕ್ಕರಿನ ಕೈಪಿಡಿ, ಬಾಡಿಗೆ ಕರಾರಿನ ಕೊನೆಯ ಪುಟ, ಎಲ್ಲವೂ ಮದುವೆಯಾದ ದಿನದಿಂದ ಅವಳ ಸುಪರ್ದಿಗೆ ಸೇರಿವೆ. ನಾನು ಹೆಡ್ಡಿಂಗ್ ಓದುತ್ತೇನೆ, ಅವಳು ಉಳಿದದ್ದನ್ನು ಓದಿ ನನ್ನ ತಲೆ ಉಳಿಸುತ್ತಾಳೆ.

ನನ್ನ ಹೆಂಡತಿ ಡ್ರೈವಿಂಗ್ ಟೀಚರು. ನಮ್ಮ ಊರಿನಲ್ಲಿ ಇಂದು ಸ್ಟಿಯರಿಂಗ್ ಹಿಡಿದವರಲ್ಲಿ ಅರ್ಧ ಜನ ಅವಳ ಪಕ್ಕದಲ್ಲಿ ಕುಳಿತು ಬೆವರಿದವರು. ಇಪ್ಪತ್ತಾರು ವರ್ಷ ಒಂದೇ ಕಾರಿನಲ್ಲಿ, ಒಂದೇ ಸೀಟಿನಲ್ಲಿ ಕುಳಿತು ಕಲಿಸಿದ್ದಾಳೆ. ಕಲಿಸುವವರ ಕಡೆಗೂ ಒಂದು ಬ್ರೇಕ್ ಇರುವ ಪುಟ್ಟ ಕಾರು ಅದು. ಸೀಟಿನ ರೆಕ್ಸಿನ್‌ಗೆ ಒಂದು ಕಾಲದಲ್ಲಿ ಕೆನೆಯ ಬಣ್ಣವಿತ್ತಂತೆ, ಈಗ ಯಾವ ಬಣ್ಣವೂ ಅದನ್ನು ತನ್ನದೆಂದು ಒಪ್ಪಿಕೊಳ್ಳುವುದಿಲ್ಲ. ಇಷ್ಟು ವರ್ಷದಲ್ಲಿ ಅವಳು ಒಬ್ಬ ಶಿಷ್ಯನ ಮೇಲೂ ಕೂಗಿದವಳಲ್ಲ. ಯಾರಾದರೂ ಕ್ಲಚ್ಚನ್ನು ಸರಕ್ಕನೆ ಬಿಟ್ಟು ಕಾರು ಕಪ್ಪೆಯಂತೆ ನೆಗೆದಾಗ, ತರಕಾರಿ ಗಾಡಿಯತ್ತ ನೇರ ನುಗ್ಗಿದಾಗ, ಕೂಗಬೇಕಾದದ್ದನ್ನೆಲ್ಲ ಬಲಗೈಯಿಂದ ಸೀಟಿನ ಅಂಚನ್ನು ಹಿಡಿದು ನುಂಗಿಕೊಂಡಿದ್ದಾಳೆ. ಆ ಅಂಚಿನಲ್ಲಿ, ಹೊರಗಿನವರಿಗೆ ಕಾಣದ ಜಾಗದಲ್ಲಿ, ನಾಲ್ಕು ಬೆರಳಿನ ನಾಲ್ಕು ಹಳ್ಳಗಳು ಬಿದ್ದಿವೆ.

ಎಂಟು ತಿಂಗಳ ಹಿಂದೆ ಅವಳ ಲೈಸೆನ್ಸ್ ನವೀಕರಣವಾಗಲಿಲ್ಲ. ಕಣ್ಣಿನ ನರ ಸೊರಗಿದೆಯಂತೆ, ಇದ್ದಷ್ಟನ್ನು ಕಾಪಾಡಿಕೊಳ್ಳಬಹುದು, ಹೋದದ್ದು ಬರುವುದಿಲ್ಲ ಎಂದರು ಆಸ್ಪತ್ರೆಯವರು. ಲೈಸೆನ್ಸ್ ಕಚೇರಿಯ ಗೋಡೆಯ ಮೇಲಿನ ಅಕ್ಷರಗಳ ಪಟದಲ್ಲಿ ಮೇಲಿನ ಮೂರು ಸಾಲನ್ನು ಗಟ್ಟಿಯಾಗಿ ಓದಿದಳು, ನಾಲ್ಕನೆಯ ಸಾಲಿಗೆ ಸುಮ್ಮನಾದಳು. ಕೊನೆಯ ಸಾಲನ್ನು ಗೋಡೆಯಗಲಕ್ಕೆ ನಾನೇ ಚೆನ್ನಾಗಿ ಬರೆದುಕೊಡುತ್ತೇನೆಂದು ಅಧಿಕಾರಿಯವರಲ್ಲಿ ವಿನಂತಿಸಿಕೊಂಡೆ. ಅವರಿಗೆ ಅದರಲ್ಲಿ ಆಸಕ್ತಿ ಇರಲಿಲ್ಲ. ಅಂದಿನಿಂದ ಅವಳು ಓದಬಲ್ಲದ್ದು ಬೀದಿಯಲ್ಲಿ ನಾನು ಬರೆದ ಬೋರ್ಡುಗಳನ್ನು ಮಾತ್ರ. ಅಂದಿನಿಂದಲೇ ಅವಳು ಆ ಕಾರು ಹತ್ತುವುದನ್ನೂ ನಿಲ್ಲಿಸಿದಳು. ಮಾರ್ಕೆಟ್ಟಿಗೆ ನಡೆದು ಹೋಗುತ್ತಾಳೆ, ಆಸ್ಪತ್ರೆಗೆ ಬಸ್ಸಿನಲ್ಲಿ ಹೋಗುತ್ತಾಳೆ. ಯಾಕೆ ಎಂದರೆ, ಕಲಿಸುವುದಕ್ಕಾಗದ ಮೇಲೆ ಆ ಗಾಡಿಯಲ್ಲಿ ತನಗೇನು ಕೆಲಸ ಎನ್ನುತ್ತಾಳೆ. ಹಾಗೆಂದು ಅವಳು ಅತ್ತವಳೂ ಅಲ್ಲ, ಗೊಣಗಿದವಳೂ ಅಲ್ಲ. ಅದೇ ನನಗೆ ಹೆಚ್ಚು ಸಂಕಟವಾಗಿತ್ತು.

ಈ ತಿಂಗಳು ಮಗಳು ಕಲಿಸುವ ಲೈಸೆನ್ಸ್ ಪಡೆದು, ಅಮ್ಮನ ಸ್ಕೂಲನ್ನು ಮತ್ತೆ ತೆರೆಯುವುದೆಂದು ನಿರ್ಧರಿಸಿದಳು. ಮೊದಲ ಪಾಠ ಸೋಮವಾರ ಬೆಳಿಗ್ಗೆ. ಬೋರ್ಡಿಗೆ ಹೊಸದಾಗಿ ಬಣ್ಣ ಹೊಡೆದುಕೊಟ್ಟೆ. ಅಷ್ಟಕ್ಕೆ ನಿಲ್ಲುವ ಮನುಷ್ಯ ನಾನಲ್ಲವೆಂದು ಗೊತ್ತಿದ್ದ ಮಗಳು, "ಅಪ್ಪಾ, ಅಮ್ಮ ಒಂದ್ಸಲ ಗಾಡಿ ಹತ್ತಿದ್ರೆ ನಂಗೆ ಅಷ್ಟೇ ಸಾಕು. ನೀನು ದಯವಿಟ್ಟು ಏನೂ ಮಾಡ್ಬೇಡ" ಎಂದಳು. ಈ ಮಾತಿನಲ್ಲಿ ಎರಡು ಭಾಗಗಳಿವೆ ಎಂಬುದನ್ನು ತಾವು ಗಮನಿಸಬೇಕು. ನಾನು ಮೊದಲನೆಯ ಭಾಗವನ್ನು ಹೆಡ್ಡಿಂಗ್ ಎಂದು ತಿಳಿದೆ. ಹಳೆಯ ಸೀಟು ನೋಡಿದರೆ ಅವಳಿಗೆ ಹಳೆಯದೆಲ್ಲ ನೆನಪಾಗುತ್ತದೆ, ಸೀಟು ಹೊಸದಾದರೆ ಅವಳು ಹೊಸ ಮನಸ್ಸಿನಿಂದ ಹತ್ತಿ ಕೂರುತ್ತಾಳೆ ಎಂದು ಲೆಕ್ಕ ಹಾಕಿ, ಶುಕ್ರವಾರ ಸಂಜೆ ತಮ್ಮ ಬಾಟಲಿಯನ್ನು ಚೀಲದಲ್ಲಿ ಮುಚ್ಚಿಟ್ಟುಕೊಂಡು ಮನೆಗೆ ತಂದೆ. ಎಂಟು ತಿಂಗಳ ಬಿಗುಮಾನವನ್ನು ಒಂದು ಗಂಟೆಯಲ್ಲಿ ಕರಗಿಸುವ ಭಾರವನ್ನು ನಾನು ತಮ್ಮ ಹೆಗಲಿಗೆ ಹಾಕಿದ್ದೆ. ಇದು ತಮಗೆ ಗೊತ್ತಿರಲಿಲ್ಲ ಎಂಬುದನ್ನು ಒಪ್ಪಿಕೊಳ್ಳುತ್ತೇನೆ.

ಶನಿವಾರವಿಡೀ ಸೀಟುಗಳನ್ನು ಸಾಬೂನು ನೀರಿನಲ್ಲಿ ತೊಳೆದೆ, ಸ್ಪಿರಿಟ್ ಹಾಕಿ ಒರೆಸಿದೆ, ನಯವಾದ ಸ್ಯಾಂಡ್‌ಪೇಪರಿನಿಂದ ಉಜ್ಜಿದೆ, ಬಿರುಕುಗಳಿಗೆ ಪುಟ್ಟಿ ತುಂಬಿದೆ. ಇಪ್ಪತ್ತಾರು ವರ್ಷದ ಶಿಷ್ಯವೃಂದದ ಬೆವರು ಮೂರು ಬಕೆಟ್ ಕಪ್ಪು ನೀರಾಗಿ ಚರಂಡಿ ಸೇರಿತು. ಭಾನುವಾರ ಬೆಳಿಗ್ಗೆ ಮುಚ್ಚಳ ತೆರೆದೆ. ಮುಚ್ಚಳದ ಮೇಲೆ ಕಾಫಿಯ ಬಣ್ಣವಿತ್ತು; ಬಾಟಲಿಯಿಂದ ಹೊರಬಂದದ್ದು ಬದನೆಕಾಯಿಗೂ ಇಟ್ಟಿಗೆಗೂ ಮನಸ್ತಾಪ ಬಂದಾಗ ಹುಟ್ಟಬಹುದಾದ ಬಣ್ಣ. ಒಣಗಿದರೆ ಸರಿಹೋದೀತೆಂದು ಸಮಾಧಾನ ಮಾಡಿಕೊಂಡೆ. ಜೊತೆಗೆ ತಾವು ಕೊಟ್ಟಿದ್ದ ಸ್ಪಂಜಿನ ತುಂಡನ್ನು ನೋಡಿ ನಗು ಬಂತು. ಮೂವತ್ತಾರು ವರ್ಷ ಬ್ರಶ್ ಹಿಡಿದ ಕೈಗೆ ಸ್ಪಂಜು ಕೊಡುವುದೆಂದರೆ ಅಡುಗೆಯವರ ಕೈಗೆ ಆಟದ ಸೌಟು ಕೊಟ್ಟಂತೆ. ನನ್ನ ಎರಡಂಗುಲದ ಚಪ್ಪಟೆ ಬ್ರಶ್ ತೆಗೆದು, ಬೋರ್ಡಿಗೆ ಬಳಿಯುವ ಹಾಗೆ ಕೈತುಂಬ, ಮನತುಂಬ, ಒಂದೇ ಸಲಕ್ಕೆ ಬಳಿದೆ. ತೆಳುವಾಗಿ ಬಳಿಯುವುದು ನಮ್ಮ ಕಸುಬಿನಲ್ಲಿ ಜಿಪುಣರ ಲಕ್ಷಣ. ಉತ್ಸಾಹದಲ್ಲಿ ಸೀಟ್ ಬೆಲ್ಟುಗಳಿಗೂ ಒಂದಿಷ್ಟು ಪ್ರಸಾದ ಸಿಕ್ಕಿತು.

ಒಂದೇ ಒಂದು ಕಡೆ ತಮ್ಮ ಬಣ್ಣ ಹಿಡಿಯಲಿಲ್ಲ. ಕಲಿಸುವವರ ಸೀಟಿನ ಅಂಚಿನಲ್ಲಿ, ಆ ನಾಲ್ಕು ಬೆರಳಿನ ಹಳ್ಳಗಳಿರುವ ಜಾಗದಲ್ಲಿ, ಅಂಗೈಯಗಲದ ತುಂಡೊಂದು ಹಳೆಯ ಬಣ್ಣದಲ್ಲೇ ಉಳಿಯಿತು. ಇದು ತಮ್ಮ ಸರಕಿನ ಗುಣಮಟ್ಟದ ಮೇಲಿನ ಗಂಭೀರ ಆರೋಪವೆಂದು ದಾಖಲಿಸಿಕೊಳ್ಳಬೇಕು.

ಒಂದು ಗಂಟೆ ಕಾದೆ. ತಾವು ಒಂದು ಎಂದಿರಿ, ನಾನು ಗೌರವಾರ್ಥವಾಗಿ ಒಂದೂಕಾಲು ಮಾಡಿದೆ. ಬೆರಳ ತುದಿಯಿಂದ ಮುಟ್ಟಿ ನೋಡಿದರೆ ಒಣಗಿತ್ತು. ಮೇಲಿನ ಮನೆಯ ನಿವೃತ್ತ ಪೋಸ್ಟ್‌ಮಾಸ್ಟರು, ಯಾವುದನ್ನೂ ಸ್ವತಃ ಪರೀಕ್ಷಿಸದೆ ನಂಬದವರು, ತಮ್ಮ ಕೆನೆಬಣ್ಣದ ಪ್ಯಾಂಟಿನಲ್ಲಿ ಬಂದು ಹಿಂದಿನ ಸೀಟಿನಲ್ಲಿ ಎರಡು ನಿಮಿಷ ಕುಳಿತು, ಮೇಲೆಕೆಳಗೆ ಕುಪ್ಪಳಿಸಿ ನೋಡಿ, ಕೆಲಸ ಪಸಂದಾಗಿದೆಯೆಂದು ಪ್ರಮಾಣಪತ್ರ ಕೊಟ್ಟು ಮೆಟ್ಟಿಲು ಹತ್ತಿದರು. ಅವರು ಮೆಟ್ಟಿಲು ಹತ್ತುವಾಗ ಹಿಂದಿನಿಂದ ನೋಡಿದ್ದರೆ ಮುಂದಿನದೆಲ್ಲ ತಪ್ಪುತ್ತಿತ್ತು. ಆದರೆ ಹೊಗಳಿ ಹೋದವರನ್ನು ಹಿಂದಿನಿಂದ ನೋಡುವ ಅಭ್ಯಾಸ ನನಗಿಲ್ಲ.

ಸೋಮವಾರ ಮಗಳ ಮೊದಲ ಶಿಷ್ಯೆಯಾಗಿ ಬಂದವರು ಬೀದಿಯ ಕೊನೆಯ ಕ್ಲಿನಿಕ್ಕಿನ ಹಲ್ಲಿನ ಡಾಕ್ಟರಮ್ಮ. ಪಾಠ ಮುಗಿಸಿ ನೇರ ಕ್ಲಿನಿಕ್ಕಿಗೆ ಹೋಗಬೇಕೆಂದು ಬಿಳಿ ಕೋಟು ತೊಟ್ಟೇ ಬಂದಿದ್ದರು. ಸೀಟಿನ ಹೊಳಪು ಕಂಡು ಮಗಳು ನನ್ನತ್ತ ಒಂದು ಸಲ ನೋಡಿದಳು. ಆ ನೋಟವನ್ನು ಮೆಚ್ಚುಗೆ ಎಂದು ತಿಳಿದು ನಾನು ಗೇಟಿನ ಬಳಿ ಕೈಬೀಸಿದೆ. ಮಗಳು ಕಪ್ಪು ಬಟ್ಟೆಯಲ್ಲಿದ್ದಳು, ಅವಳಿಗೆ ಏನೂ ತಿಳಿಯಲಿಲ್ಲ. ಮುಕ್ಕಾಲು ಗಂಟೆಯ ಬಿಸಿಲಿನಲ್ಲಿ, ಮೊದಲ ಪಾಠದ ಬೆವರಿನಲ್ಲಿ, ತಮ್ಮ ಬಣ್ಣ ತನ್ನ ನಿಜವಾದ ನೆಲೆಯನ್ನು ಕಂಡುಕೊಂಡಿತು. ಡಾಕ್ಟರಮ್ಮ ಕೆಳಗಿಳಿದಾಗ ಅವರ ಬೆನ್ನಿನ ಮೇಲೆ ನಮ್ಮ ಸೀಟು ಇತ್ತು: ಉಬ್ಬು, ತಗ್ಗು, ಹೊಲಿಗೆಯ ಪ್ರತಿಯೊಂದು ಗಂಟು ಸಹಿತ. ಎದೆಯ ಮೇಲೆ ಬೆಲ್ಟಿನ ಪಟ್ಟಿ ಓರೆಯಾಗಿ, ಸೇನಾಧಿಪತಿಗಳಿಗಿರುವಂತೆ. ಎದೆಯದನ್ನು ಅವರು ನೋಡಿಕೊಂಡು ಒರೆಸಿಕೊಂಡರು. ಬೆನ್ನಿನದನ್ನು ಮಧ್ಯಾಹ್ನದವರೆಗೂ ಹೊತ್ತು ರೋಗಿಗಳನ್ನು ನೋಡಿದರು. ಅಲ್ಲಿ ಕುಳಿತವರೆಲ್ಲ ಬಾಯಿ ತೆರೆದುಕೊಂಡಿದ್ದವರು, ತುಟಿ ಮರಗಟ್ಟಿದವರು. ಅವರು ಏನೆಂದು ಹೇಳಿಯಾರು.

ತಮ್ಮನ್ನು ನಾನು ಇಲ್ಲಿ ಮನಸಾರೆ ಹೊಗಳಲೇಬೇಕು. ಬಟ್ಟೆಗೆ ಇಷ್ಟು ಗಾಢವಾಗಿ, ಇಷ್ಟು ನಿಷ್ಠೆಯಿಂದ ಹಿಡಿಯುವ ಬಣ್ಣವನ್ನು ನಾನು ಈ ಜನ್ಮದಲ್ಲಿ ಕಂಡಿಲ್ಲ. ಪೋಸ್ಟ್‌ಮಾಸ್ಟರ ಪ್ಯಾಂಟು ಐದು ಸಲ ಒಗೆತ ಕಂಡಿದೆ. ಪ್ಯಾಂಟಿನ ಮೂಲ ಬಣ್ಣ ಹೋಗಿದೆ, ತಮ್ಮದು ಕುಂದಿಲ್ಲ. ಪಕ್ಕದ ಮನೆಯ ಬೆಕ್ಕು ಕಾರಿನೊಳಗೆ ಒಂದು ಸುತ್ತು ಹಾಕಿ ಹೋದ ದಾರಿಯನ್ನು ಕಾಂಪೌಂಡಿನ ಗೋಡೆಯ ಮೇಲೆ, ಅಲ್ಲಿಂದ ಒಣಹಾಕಿದ ಬೆಡ್‌ಶೀಟಿನ ಮೇಲೆ, ಹೆಜ್ಜೆ ಹೆಜ್ಜೆಗೂ ಗುರುತಿಸಬಹುದು. ಬಾಗಿಲ ಹಿಡಿಗೆ, ನಲ್ಲಿಗೆ, ನನ್ನ ಕಿವಿಗೆ, ಎಲ್ಲಕ್ಕೂ ಹಿಡಿಯಿತು. ಸೀಟೊಂದನ್ನು ಬಿಟ್ಟು ಭೂಮಿಯ ಮೇಲಿನ ಸಕಲ ವಸ್ತುಗಳಿಗೂ ಹಿಡಿಯುವ ಬಣ್ಣವನ್ನು ಸೀಟಿನ ಬಣ್ಣವೆಂದು ಮಾರುವ ವಿನಯವನ್ನು ಏನೆಂದು ಬಣ್ಣಿಸಲಿ.

ಮಧ್ಯಾಹ್ನ ಕ್ಲಿನಿಕ್ಕಿನಿಂದ ಸುದ್ದಿ ಬಂದ ಮೇಲೆ ಮಗಳು ಬಾಟಲಿಯನ್ನು ಬೆಳಕಿಗೆ ಹಿಡಿದು ಹಿಂಬದಿಯನ್ನು ಗಟ್ಟಿಯಾಗಿ ಓದಿದಳು. ಸ್ಪಂಜಿನಿಂದ ತೆಳುವಾಗಿ ಮೂರು ಸಲ ಹಚ್ಚುವುದು. ಪ್ರತಿ ಸಲದ ನಡುವೆ ಒಂದು ಗಂಟೆ ಬಿಡುವುದು. ಪೂರ್ತಿ ಗಟ್ಟಿಯಾಗಲು ಏಳು ದಿನ, ಅಲ್ಲಿಯವರೆಗೆ ಕೂರಬಾರದು. ಓದಿ ಮುಗಿಸಿ ಬಾಟಲಿಯನ್ನು ನನ್ನ ಕೈಗಿಟ್ಟು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಅವಳು ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅಮ್ಮನ ಹೆಸರಿನ ಸ್ಕೂಲು ಮೊದಲ ದಿನವೇ ಊರಿನ ನಗೆಪಾಟಲಾಯಿತಲ್ಲ, ಇನ್ನು ಆ ಡಾಕ್ಟರಮ್ಮ ಬರುವುದುಂಟೆ, ನನ್ನ ಹೆಂಡತಿ ಇನ್ನು ಆ ಗಾಡಿಯತ್ತ ತಿರುಗಿ ನೋಡುವುದುಂಟೆ ಎಂದು ನಾನು ಹಜಾರದಲ್ಲಿ ತಲೆ ಮೇಲೆ ಕೈಹೊತ್ತು ಕುಳಿತೆ. ನಿಜವಾಗಿ ಹೇಳುತ್ತೇನೆ, ನನಗೆ ಅಳು ಬರುವಂತಾಗಿತ್ತು.

ಆಗ ಅಡುಗೆಮನೆಯಿಂದ ನನ್ನ ಹೆಂಡತಿ ನಗುವುದು ಕೇಳಿಸಿತು. ಎಂಟು ತಿಂಗಳಲ್ಲಿ ಮೊದಲ ಸಲ. ಪೋಸ್ಟ್‌ಮಾಸ್ಟರ ಪ್ಯಾಂಟಿನ ವಿಷಯ ಕೇಳಿ ಶುರುವಾದ ನಗು ಡಾಕ್ಟರಮ್ಮನ ಬೆನ್ನಿಗೆ ಬರುವಷ್ಟರಲ್ಲಿ ಕೆಮ್ಮಾಗಿತ್ತು. ಕಣ್ಣೊರೆಸಿಕೊಂಡು, ಚಪ್ಪಲಿ ಮೆಟ್ಟಿ, ಅಂಥಾ ಘನಕಾರ್ಯ ಏನು ಮಾಡಿದ್ದೀರೋ ನೋಡೇಬಿಡುತ್ತೇನೆ ಎಂದು ಕೆಳಗಿಳಿದಳು. ಅವಳು ಈಗ ನೋಡುವುದು ಹೆಚ್ಚಾಗಿ ಕೈಯಿಂದ. ಬಾಗಿಲು ತೆಗೆದು ಸೀಟಿನ ಬೆನ್ನು ಸವರಿದಳು, ಮೆತ್ತೆ ಒತ್ತಿದಳು, ಅಂಟಿಗೆ ಮುಖ ಸಿಂಡರಿಸಿದಳು. ಆಮೇಲೆ ಅವಳ ಬಲಗೈ ತನ್ನಷ್ಟಕ್ಕೇ ಅಂಚಿಗೆ ಹೋಯಿತು. ನಾಲ್ಕು ಬೆರಳು ನಾಲ್ಕು ಹಳ್ಳದಲ್ಲಿ ಕುಳಿತವು. ಅಲ್ಲಿ ಅಂಟಿರಲಿಲ್ಲ. "ಇಷ್ಟೆಲ್ಲಾ ಬಳಿದೋರು ಇದೊಂದನ್ನ ಯಾಕ್ರೀ ಬಿಟ್ರಿ?" ಎಂದಳು.

ಬಣ್ಣ ಹಿಡಿಯಲಿಲ್ಲ, ಸರಕೇ ಕಳಪೆ ಎಂದು ನಾನು ತಮ್ಮ ಮೇಲೆ ಹಾಕಿದೆ. "ಹೂಂ, ಬಾಟ್ಲೀದೇ ತಪ್ಪು" ಎಂದು ಹೇಳಿ, ಸೀರೆಯ ಚಿಂತೆಯನ್ನೂ ಮಾಡದೆ, ಹತ್ತಿ ಕುಳಿತಳು.

ಮಂಗಳವಾರ ಬೆಳಿಗ್ಗೆ ಡಾಕ್ಟರಮ್ಮ ಮಳೆಯಿಲ್ಲದ ದಿನ ರೇನ್‌ಕೋಟು ತೊಟ್ಟು ಬಂದರು. ಕೂಗದೆ ಕಲಿಸುವವರು ಸಿಕ್ಕಿದ್ದೇ ದೊಡ್ಡದು, ಕೋಟು ಹೋದರೆ ಹೋಗಲಿ ಎಂದರಂತೆ. ಹಿಂದಿನ ಸೀಟಿಗೆ ನಾನು ಸೋಮವಾರವೇ ಹಾಸಿದ್ದ ದಿನಪತ್ರಿಕೆಯನ್ನು ಎಳೆದರೆ ಅರ್ಧ ಮಾತ್ರ ಕೈಗೆ ಬಂತು. ಉಳಿದರ್ಧದ ಸುದ್ದಿಗಳು ಸೀಟಿನಲ್ಲೇ ತಿರುವುಮುರುವಾಗಿ ಅಚ್ಚಾಗಿವೆ. ಚಿಕ್ಕ ಅಕ್ಷರಗಳನ್ನು ಕಡೆಗಣಿಸಿದವನು ಇನ್ನು ಮುಂದೆ ಅವುಗಳ ಮೇಲೆಯೇ ಕೂರತಕ್ಕದ್ದು ಎಂಬ ಈ ಏರ್ಪಾಡು ತಮ್ಮದೇ ಇರಬೇಕು. ಅದರ ಮೇಲೆ ನಾನು ಕುಳಿತೆ, ಪಕ್ಕದಲ್ಲಿ ಹಳೆಯ ಟವೆಲ್ ಹಾಸಿಕೊಂಡು ನನ್ನ ಹೆಂಡತಿ ಕುಳಿತಳು. ಮಗಳು ಮುಂದೆ, ಅಮ್ಮನ ಸೀಟಿನಲ್ಲಿ. ಕಣ್ಣು ಮುಚ್ಚಿ ಇಂಜಿನ್ನಿನ ಸದ್ದು ಕೇಳುತ್ತಾ ನನ್ನ ಹೆಂಡತಿ ಯಾವಾಗ ಗೇರ್ ಬದಲಿಸಬೇಕು, ಕ್ಲಚ್ಚಿನ ಮೇಲೆ ಕಾಲು ಎಷ್ಟು ಉಳಿದಿದೆ ಎಂದು ಹಿಂದಿನಿಂದ ಮೆಲ್ಲಗೆ ಹೇಳತೊಡಗಿದಳು. ಅದಕ್ಕೆ ಕಣ್ಣು ಬೇಕಿರಲಿಲ್ಲ. ಎಂಟು ತಿಂಗಳು ಇದು ನಮ್ಮ ಮೂವರಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ.

ಮೂಲೆಯ ಇಳಿಜಾರಿನಲ್ಲಿ ಡಾಕ್ಟರಮ್ಮ ಕ್ಲಚ್ಚನ್ನು ಸರಕ್ಕನೆ ಬಿಟ್ಟರು. ಕಾರು ನೆಗೆಯಿತು. ಮುಂದೆ ಹಾಲಿನ ವ್ಯಾನು. ಮಗಳು ಕೂಗಲು ಬಾಯಿ ತೆರೆದದ್ದನ್ನು ನಾನು ಕನ್ನಡಿಯಲ್ಲಿ ಕಂಡೆ. ಕೂಗಲಿಲ್ಲ. ಬ್ರೇಕ್ ಒತ್ತಿದಳು, ಕಾರು ನಿಂತಿತು. ನನ್ನ ಹೆಂಡತಿ ಕಣ್ಣು ತೆರೆಯದೆಯೇ, "ಹಿಡ್ಕೊಂಡ್ಯಾ?" ಎಂದಳು.

ಮಗಳು ಸೀಟಿನ ಅಂಚಿನಿಂದ ಕೈ ತೆಗೆಯದೆ "ಹೂಂ" ಎಂದಳು.

ಆದ್ದರಿಂದ ತಮ್ಮಲ್ಲಿ ನನ್ನ ವಿನಂತಿಗಳು ಹೀಗಿವೆ. ಮುಂದಿನ ಬಾಟಲಿಯಲ್ಲಿ ಎದೆಯ ಮೇಲಿನದನ್ನು ಬೆನ್ನಿಗೂ ಬೆನ್ನಿನದನ್ನು ಎದೆಗೂ ಬರೆಯಬೇಕು. ಜಾಗ ಸಾಲದಿದ್ದರೆ ಬಾಟಲಿಯನ್ನು ನೀರಿನ ಡ್ರಮ್ಮಿನಷ್ಟು ದೊಡ್ಡದು ಮಾಡಬೇಕು, ಬರೆಯಲು ನಾನೇ ಬರುತ್ತೇನೆ. ಅದಾಗದಿದ್ದರೆ ಪ್ರತಿ ಬಾಟಲಿಯ ಜೊತೆಗೆ ಹಿಂಬದಿಯನ್ನು ಓದಿ ಗಂಡಂದಿರ ಕೈ ಹಿಡಿದು ನಿಲ್ಲಿಸುವಂಥ ಒಬ್ಬ ಹೆಂಡತಿಯನ್ನು ಒದಗಿಸಬೇಕು. ತಾವು ಬಿಳಿ ಬಟ್ಟೆ ತೊಟ್ಟು ಖುದ್ದಾಗಿ ಬಂದು ನಮ್ಮ ಕಾರಿನಲ್ಲಿ ಏಳು ದಿನ ಕೂರುವುದಾದರೆ ಊಟೋಪಚಾರದ ಹೊಣೆ ನನ್ನದು. ಪೋಸ್ಟ್‌ಮಾಸ್ಟರ ಪ್ಯಾಂಟಿನ ಈಗಿನ ಬಣ್ಣಕ್ಕೆ ತಮ್ಮ ಪಟ್ಟಿಯಲ್ಲಿ ಒಂದು ಗೌರವಾನ್ವಿತ ಹೆಸರನ್ನು ಕೂಡಲೇ ಸೇರಿಸಬೇಕು. ಅವರು ನನ್ನೊಡನೆ ಮಾತು ಬಿಟ್ಟಿದ್ದಾರೆ, ಇದರಿಂದಲಾದರೂ ಮನಸ್ಸು ಕರಗೀತು.

ತಮ್ಮ ಬಣ್ಣವು ತಮ್ಮ ವಂಶದವರೆಲ್ಲರ ಉಡುಪಿನ ಮೇಲೂ ಚಿರಕಾಲ ಬೆಳಗಲೆಂದು ಹಾರೈಸುತ್ತಾ,

ತಮ್ಮ ವಿಶ್ವಾಸಿ,
(ದೊಡ್ಡ ಅಕ್ಷರಗಳನ್ನು ಮಾತ್ರ ಬಲ್ಲ) ಬೋರ್ಡ್ ಬರೆಯುವವನು

ತಾ.ಕ.: ನಿಜವಾದ ವಿಷಯವನ್ನು ಕೊನೆಯಲ್ಲಿ, ಯಾರೂ ಓದದಷ್ಟು ಚಿಕ್ಕದಾಗಿ ಬರೆಯುವ ತಮ್ಮ ಸಂಪ್ರದಾಯವನ್ನು ನಾನೂ ಪಾಲಿಸುತ್ತಿದ್ದೇನೆ. ಸೀಟಿನ ಅಂಚಿನಲ್ಲಿ ಬಣ್ಣ ಹಿಡಿಯಲಿಲ್ಲವೆಂಬ ಆ ಒಂದು ಆರೋಪವನ್ನು ದಯವಿಟ್ಟು ಹೊಡೆದುಹಾಕಿ. ಅಲ್ಲಿ ನಾನು ಬಣ್ಣ ಹಚ್ಚಿಯೇ ಇರಲಿಲ್ಲ. ಬ್ರಶ್ ಅದ್ದಿಕೊಂಡು ಮೂರು ಸಲ ಅಲ್ಲಿಗೆ ಹೋದೆ, ಮೂರು ಸಲವೂ ಕೈ ಬರಲಿಲ್ಲ. ಈ ಪತ್ರವನ್ನು ನನ್ನ ಹೆಂಡತಿಗೆ ಓದಿ ಹೇಳುವಾಗ 'ತಮ್ಮ ವಿಶ್ವಾಸಿ' ಎಂಬಲ್ಲಿಗೆ ನಿಲ್ಲಿಸಬೇಕೆಂದು ಮಗಳಿಗೆ ತಾಕೀತು ಮಾಡಿದ್ದೇನೆ. ಉಳಿದ ಆರೋಪಗಳಲ್ಲಿ ಒಂದನ್ನೂ ಹಿಂದೆಗೆದುಕೊಂಡಿಲ್ಲ.